ಚನ್ನವೀರಯ್ಯನವರು ಬಾಯಿ ಮುಚ್ಚಿಕೊಂಡದ್ದು

ಸದಾಶಿವನಗರದ ಚನ್ನವೀರಯ್ಯನವರು ಮಾತು ನಿಲ್ಲಿಸಿದ್ದಾರೆ ಎಂಬ ಸುದ್ದಿಯನ್ನು ತುಮಕೂರಿನಲ್ಲಿ ಮೊದಲ ದಿನ ಯಾರೂ ನಂಬಲಿಲ್ಲ. ನಂಬುವಂಥ ಸುದ್ದಿಯೂ ಅದಾಗಿರಲಿಲ್ಲ. ಮಂಡಿಪೇಟೆಯ ಅವರ ಪಾತ್ರೆ ಅಂಗಡಿಗೆ ಒಂದು ಸೌಟು ಕೊಳ್ಳಲು ಹೋದವರು ಕೂಡ ಮಳೆ, ಮದುವೆ, ಮಹಾನಗರಪಾಲಿಕೆ, ಮಂಡಿನೋವು ಇಷ್ಟರ ಮೇಲೂ ಅವರ ಅಭಿಪ್ರಾಯ ಕೇಳಿಸಿಕೊಂಡೇ ಹೊರಗೆ ಬರಬೇಕಿತ್ತು. ಹೆಂಡತಿ ಸರ್ವಮಂಗಳಮ್ಮ ಮದುವೆಯಾದಂದಿನಿಂದ ಒಂದು ವಾಕ್ಯವನ್ನು ಪೂರ್ತಿಯಾಗಿ ಹೇಳಿ ಮುಗಿಸಿದ್ದು ಅಪರೂಪ. ಆಕೆ ಶುರು ಮಾಡಿದ್ದನ್ನು ಗಂಡ ಮುಗಿಸುತ್ತಿದ್ದರು, ಅದೂ ಆಕೆ ಅಂದುಕೊಂಡ ಕಡೆಗಲ್ಲ.

ಮಾತು ಹೆಚ್ಚಾದರೆ ಯಾರಿಗೇನು ನಷ್ಟ ಎನ್ನಬಹುದು. ಆದರೆ ಆ ನಾಲಿಗೆಗೆ ಒಂದು ಕೆಟ್ಟ ಚಟವಿತ್ತು. ನಾಲ್ಕು ಜನ ನಗುತ್ತಾರೆ ಎಂದು ವಾಸನೆ ಬಡಿದರೆ ಸಾಕು, ಎದುರಿಗೆ ಯಾರಿದ್ದಾರೆ ಎಂದು ನೋಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಗುಬ್ಬಿಯಲ್ಲಿ ಅವರ ಅಕ್ಕ ಬಸವಲಿಂಗಮ್ಮನ ಮೊಮ್ಮಗನ ನಾಮಕರಣವಾಯಿತು. ಗಂಡ ತೀರಿಕೊಂಡು ವರ್ಷ ತುಂಬಿದ ಮೇಲೆ ಆಕೆಯ ಮನೆಯಲ್ಲಿ ನಡೆದ ಮೊದಲ ಶುಭಕಾರ್ಯ ಅದು. ಇಡೀ ನೆಂಟರಿಷ್ಟರಲ್ಲಿ ಹೆಸರಾಗಿದ್ದ ತನ್ನ ಕಡಲೆಬೇಳೆ ಪಾಯಸವನ್ನು ತಾನೇ ಮಾಡಿ, ತಾನೇ ಪಂಕ್ತಿಯಲ್ಲಿ ಬಡಿಸಿಕೊಂಡು ಬಂದಳು. ತಮ್ಮನ ಎಲೆಯ ಮುಂದೆ ಬಗ್ಗಿದಾಗ ತಮ್ಮ ಎಲ್ಲರಿಗೂ ಕೇಳುವ ಹಾಗೆ, “ಅಕ್ಕಾ, ಕಮ್ಮಿ ಬಡ್ಸೇ! ನಮ್ ಭಾವನ್ನ ಕೈಲಾಸಕ್ಕೆ ಕಳ್ಸಿದ್ದೂ ಇದೇ ಪಾಯಸ ಕಣೇ!” ಎಂದುಬಿಟ್ಟರು.

ಇಡೀ ಪಂಕ್ತಿ ನಕ್ಕಿತು. ಒಬ್ಬರಿಗೆ ನೆತ್ತಿ ಹತ್ತಿತು. ಬಸವಲಿಂಗಮ್ಮ ಏನೂ ಅನ್ನದೆ ಕೊನೆಯ ಎಲೆಯವರೆಗೂ ಬಡಿಸಿ, ಬಕೆಟ್ಟು ಕೆಳಗಿಟ್ಟು ಒಳಗೆ ಹೋದವಳು ಮತ್ತೆ ಈಚೆಗೆ ಬರಲಿಲ್ಲ. ಅಂದಿನಿಂದ ಆಕೆ ನಾಲ್ಕು ಜನಕ್ಕೆಂದು ಒಲೆ ಹಚ್ಚಲಿಲ್ಲ, ತಮ್ಮನ ಮನೆಯ ಹೊಸ್ತಿಲು ತುಳಿಯಲಿಲ್ಲ. “ನಮ್ಮಕ್ಕಂಗೆ ತಮಾಷೆ ಅರ್ಥ ಆಗಲ್ಲ” ಎಂದು ಚನ್ನವೀರಯ್ಯನವರು ಊರೆಲ್ಲ ಹೇಳಿಕೊಂಡು ತಿರುಗಿದರು. ಆದರೆ ಮದುವೆಮನೆಗಳಲ್ಲಿ ಪಾಯಸದ ಬಕೆಟ್ಟು ಹತ್ತಿರ ಬಂದಾಗಲೆಲ್ಲ ನಾಚಿಕೆಯಿಂದ ಅವರ ಕಿವಿ ಬಿಸಿಯಾಗುತ್ತಿತ್ತು. ಹೋಗಿ ತಪ್ಪಾಯಿತು ಎನ್ನಲು ಮಾತ್ರ ಅಷ್ಟು ಮಾತಿನ ಬಾಯಲ್ಲಿ ಒಂದು ಮಾತೂ ಇರಲಿಲ್ಲ.

ಇಂಥ ಬಾಯಿಗೆ ಬೀಗ ಬಿದ್ದದ್ದು ಇಂಗ್ಲಿಷಿನಿಂದ.

ತುಮಕೂರಿನಲ್ಲಿ ಸ್ನೇಹಸೌರಭ ಸೇವಾ ಕ್ಲಬ್ ಎಂದೊಂದಿದೆ. ಅಂಗಡಿಯವರು, ಡಾಕ್ಟರುಗಳು, ಕಂಟ್ರಾಕ್ಟರುಗಳು ತಿಂಗಳಿಗೊಮ್ಮೆ ಹೋಟೆಲಿನಲ್ಲಿ ಸೇರಿ, ಗಂಟೆ ಬಾರಿಸಿ, ಇಂಗ್ಲಿಷಿನಲ್ಲಿ ಸಭೆ ನಡೆಸಿ, ಕನ್ನಡದಲ್ಲಿ ಊಟ ಮಾಡುವುದು ಅಲ್ಲಿಯ ಪದ್ಧತಿ. ಹೊಸ ಅಧ್ಯಕ್ಷರು ಪದಗ್ರಹಣದ ದಿನ ಇಂಗ್ಲಿಷಿನಲ್ಲಿ ಭಾಷಣ ಮಾಡಲೇಬೇಕು. ಕಳೆದ ವರ್ಷದ ಅಧ್ಯಕ್ಷರು ಬರೆಸಿಕೊಂಡು ಬಂದದ್ದನ್ನು ಓದುತ್ತ ಎರಡು ಹಾಳೆ ಒಟ್ಟಿಗೆ ಮಗುಚಿ, ರಕ್ತದಾನ ಶಿಬಿರವನ್ನು ನೇರವಾಗಿ ಊಟದ ಮೆನುವಿಗೆ ಸೇರಿಸಿದ್ದರು. ಈ ವರ್ಷ ಸರದಿ ಚನ್ನವೀರಯ್ಯನವರದು. ಹೆಸರು ಸೂಚಿಸಿದ ಕೂಡಲೇ ಎದ್ದು ನಿಂತು, “ನಾನು ಪೇಪರ್ ಹಿಡಿಯೋನಲ್ಲ ಸ್ವಾಮಿ. ಪೂರಾ ಇಂಗ್ಲಿಷು, ಪೂರಾ ಬಾಯಿಂದ!” ಎಂದರು. ಚಪ್ಪಾಳೆ ಬಿತ್ತು. ತಮಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಅವರಿಗೆ ನೆನಪಾದದ್ದು ಸ್ಕೂಟರ್ ಸ್ಟಾರ್ಟ್ ಮಾಡುವಾಗ.

ಬಿ.ಎಚ್. ರಸ್ತೆಯಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ಶ್ರೀವಾಣಿ ಎಂಬ ಹುಡುಗಿ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದಳು. ಚನ್ನವೀರಯ್ಯನವರು ಯಾರಿಗೂ ಗುರುತು ಸಿಗಬಾರದೆಂದು ಹೆಲ್ಮೆಟ್ ತೆಗೆಯದೆ ಮೆಟ್ಟಿಲು ಹತ್ತಿ, ಪಿಯುಸಿ ಹುಡುಗಿಯರ ನಡುವೆ ಬೆಂಚಿನ ಮೇಲೆ ಹೆಲ್ಮೆಟ್ ಸಮೇತ ಕುಳಿತರು. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಹುಡುಗನೊಬ್ಬ ಕೊರಿಯರ್‌ನವರೆಂದು ತಿಳಿದು ಸಹಿ ಹಾಕಲು ಪೆನ್ನು ತೆಗೆದ. ಪದಗಳೇನೋ ಅವರಿಗೆ ಗೊತ್ತಿದ್ದವು. ತೊಡಕು ಇದ್ದದ್ದು ಕ್ರಿಯಾಪದದಲ್ಲಿ. ಕೆಲಸ ಮಾಡಿದವರು ಒಬ್ಬರೋ ಹಲವರೋ ಮೊದಲು ನೋಡಬೇಕು. ಆಮೇಲೆ ಕೆಲಸ ಆಗಿಹೋಯಿತೋ, ಆಗುತ್ತಿದೆಯೋ, ಇನ್ನು ಮುಂದೆ ಆಗುವುದೋ ತೀರ್ಮಾನಿಸಬೇಕು. ಕನ್ನಡದಲ್ಲೂ ಇದೆಲ್ಲ ಇದೆ, ಆದರೆ ಅದು ಕೇಳದೆ ಬಂದದ್ದರಿಂದ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲಿಷಿನಲ್ಲಿ ಚನ್ನವೀರಯ್ಯನವರು ಇಷ್ಟೆಲ್ಲ ತೀರ್ಮಾನಿಸಿ ಬಾಯಿ ತೆರೆಯುವ ಹೊತ್ತಿಗೆ ಕ್ಲಾಸು ಬಿಟ್ಟಿರುತ್ತಿತ್ತು.

ಶ್ರೀವಾಣಿಗೆ ಒಂದು ಉಪಾಯ ಹೊಳೆಯಿತು. “ಸಾರ್, ನಿಮಗೆ ಕೈಯಾಡಿಸದೆ ಮಾತು ಬರಲ್ಲ. ಕೈಯಿಂದಲೇ ಕಲಿಯಿರಿ” ಎಂದಳು. ಎಡಗೈಯ ಬೆರಳುಗಳೆಲ್ಲ ಕರ್ತೃಗಳು, ಬಲಗೈಯ ಬೆರಳುಗಳೆಲ್ಲ ಕ್ರಿಯಾಪದಗಳು. ಸರಿಯಾದ ಜೋಡಿ ಸಿಕ್ಕಿದಾಗ ಎರಡು ಬೆರಳಿನ ತುದಿ ಕೂಡಿಸಬೇಕು. ಕಾಲ ಹುಡುಕುವುದಕ್ಕೆ ಇಡೀ ಕೈ. ಹೆಗಲ ಹಿಂದಕ್ಕೆ ಎಸೆದರೆ ಆಗಿಹೋದದ್ದು, ಎದೆಯ ಮೇಲಿಟ್ಟರೆ ಈಗಿನದು, ಮುಂದಕ್ಕೆ ಚಾಚಿದರೆ ಮುಂದಿನದು. “ಇನ್ನೊಂದಿದೆ ಸಾರ್. ಕೈ ಹಿಂದಕ್ಕೆ ಹೋಗಿ, ತಿರುಗಿ ಎದೆಗೆ ಬರ್ಬೇಕು. ಆದದ್ದು ಹಿಂದೆ, ಆದ್ರೆ ಮುಗಿದಿಲ್ಲ. ಇಲ್ಲಿಗೆ ಬಂದು ಕೂತಿದೆ.” ಚನ್ನವೀರಯ್ಯನವರಿಗೆ ಯಾಕೋ ಆ ನಾಲ್ಕನೆಯದು ಇಷ್ಟವಾಗಲಿಲ್ಲ.

ವಾರ ಕಳೆದರೂ ಬಾಯಿ ಬಿಚ್ಚದಿದ್ದಾಗ ಆಕೆ ಕೊನೆಯ ಔಷಧಿ ಕೊಟ್ಟಳು. “ಸಾರ್, ನಿಮಗೆ ಕನ್ನಡ ಜಾಸ್ತಿಯಾಗಿದೆ. ನಾಳೆಯಿಂದ ಹನ್ನೊಂದು ದಿನ ಮನೇಲಿ, ಅಂಗಡೀಲಿ ಎಲ್ಲಾ ಕಡೆ ಇಂಗ್ಲಿಷೇ. ಬಾಯ್ತಪ್ಪಿ ಒಂದು ಕನ್ನಡ ಪದ ಬಂದ್ರೂ ಮತ್ತೆ ಮೊದಲನೇ ದಿನದಿಂದ.”

ಆ ನಾಳೆ ಶ್ರಾವಣದ ಮೊದಲ ಸೋಮವಾರವಾಗಿತ್ತು. ಅದನ್ನು ಶ್ರೀವಾಣಿ ನೋಡಿರಲಿಲ್ಲ, ಚನ್ನವೀರಯ್ಯನವರೂ ನೋಡಿರಲಿಲ್ಲ.

ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ ಜಗಲಿಯಲ್ಲಿ ಕುಳಿತಿದ್ದಾಗ ಸರ್ವಮಂಗಳಮ್ಮ ಕಾಫಿ ತಂದು, “ಸಕ್ಕರೆ ಸಾಕಾ ನೋಡಿ” ಎಂದರು. ಸಕ್ಕರೆ ಒಂದೋ ಹಲವೋ ಎಂಬ ಪ್ರಶ್ನೆ ಎದ್ದಿತು. ಚನ್ನವೀರಯ್ಯನವರು ಕಣ್ಣು ಮುಚ್ಚಿ, ಎಡಗೈಯ ಒಂದು ಬೆರಳನ್ನು ಬಲಗೈಯ ಬೆರಳುಗಳಿಗೆ ಒಂದೊಂದಾಗಿ ತಾಗಿಸುತ್ತ, ತುಟಿಯಲ್ಲೇ ಲೆಕ್ಕ ಹಾಕತೊಡಗಿದರು. ಕಾಫಿ ಆರಿತು. ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು, ಕೂಡಿದ ಬೆರಳು, ಅಲ್ಲಾಡುವ ತುಟಿ, ಮೇಲಾಗಿ ಶ್ರಾವಣ ಸೋಮವಾರ. ಸರ್ವಮಂಗಳಮ್ಮನ ಮೈ ಜುಮ್ಮೆಂದಿತು.

“ರೀ... ಮೌನವ್ರತಾನಾ?”

ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾಳೆ. ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತು ಕಲಿಯುತ್ತಿರುವ ವಿಷಯ ಸಂಜೆಯೊಳಗೆ ಮಂಡಿಪೇಟೆಗೆ, ರಾತ್ರಿಯೊಳಗೆ ಕ್ಲಬ್ಬಿಗೆ ಮುಟ್ಟುತ್ತದೆ. ಎಷ್ಟು ದಿನ ಎಂದೂ ಕೇಳಿದಾಗ ಹತ್ತು ಬೆರಳು, ಆಮೇಲೆ ಇನ್ನೊಂದು ತೋರಿಸಿ, ಚನ್ನವೀರಯ್ಯನವರು ಒಂದೇ ಒಂದು ಸಲ ಹೌದೆಂದು ತಲೆಯಾಡಿಸಿದರು. ಮುಂದಿನ ಅನಾಹುತಕ್ಕೆಲ್ಲ ಆ ತಲೆಯೇ ಹೊಣೆ.

ಪಕ್ಕದ ಮನೆಯ ಜಯರಾಮಯ್ಯನವರು ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಆಗ ಜಮೀನು ಅಳೆಯುತ್ತಿದ್ದರು, ಈಗ ಪಂಚಾಂಗ ಇಟ್ಟುಕೊಂಡು ಜನರನ್ನು ಅಳೆಯುತ್ತಿದ್ದರು. ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ನೋಡಿ, ಸರ್ವಮಂಗಳಮ್ಮನವರಿಗೆ ಪಿಸುಗುಟ್ಟಿದರು: “ಅಮ್ಮಾ, ಇದು ಬರೀ ಮೌನ ಅಲ್ಲ. ಬೆರಳು ನೋಡಿ. ಅವು ಮುದ್ರೆಗಳು. ಇಷ್ಟು ವರ್ಷ ಇವರು ಮಾತಾಡ್ತಿದ್ದದ್ದೇ ಒಂದು ವೇಷ ಅಂತ ಕಾಣುತ್ತೆ.” ಅರ್ಧ ಗಂಟೆಯೊಳಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಚನ್ನವೀರಯ್ಯನವರ ಫೋಟೋ ಬಂತು. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು ಬಂತು.

ಅಂಗಡಿಯಲ್ಲೂ ಅವರು ಸುಮ್ಮನೆ ಕುಳಿತರು. ಬೆಲೆ ಇಳಿಸಿ ಎಂದು ಕೇಳಿದವರ ಎದುರು ಕಣ್ಣು ಮುಚ್ಚಿ ಬೆರಳು ಕೂಡಿಸಿದರು. ಗಿರಾಕಿಗಳು ಗಾಬರಿಯಿಂದ ಹೇಳಿದ ಬೆಲೆ ಕೊಟ್ಟು, ಕುಕ್ಕರಿನ ಜೊತೆಗೆ ಆಶೀರ್ವಾದವನ್ನೂ ಪಡೆದುಕೊಂಡು ಹೋದರು. ಮನೆಯಲ್ಲಿ ಸರ್ವಮಂಗಳಮ್ಮ ತಮ್ಮ ತವರಿನ ಕತೆಯೊಂದನ್ನು ಮೊದಲಿಂದ ಕೊನೆಯವರೆಗೆ ಹೇಳಿ ಮುಗಿಸಿದರು. ಅದರಲ್ಲಿ ಒಂದು ಸ್ವಾರಸ್ಯವಾದ ಕೊನೆಯಿತ್ತು ಎಂಬುದು ಚನ್ನವೀರಯ್ಯನವರಿಗೆ ಅಂದೇ ಗೊತ್ತಾದದ್ದು.

ಮೂರನೆಯ ದಿನ ಕುಣಿಗಲ್ಲಿನಿಂದ ಬೀಗರು ಕಾರು ತಂದರು. ಮಗಳು ನಂದಿತಾಳ ಮಾವ ಗಂಗಾಧರ್ ಕುಣಿಗಲ್ಲಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದವರು, ಸಹಕಾರ ಸಂಘದ ಚುನಾವಣೆಗೆ ನಾಮಪತ್ರ ಹಾಕಿಯೂ ನಿಲ್ಲಬೇಕೋ ಬೇಡವೋ ಎಂದು ನಿದ್ದೆ ಕೆಡಿಸಿಕೊಂಡಿದ್ದವರು. ಚನ್ನವೀರಯ್ಯನವರ ವಿರೋಧಕ್ಕೆ ಶಬ್ದವಿಲ್ಲದ್ದರಿಂದ ಅವರನ್ನು ಎತ್ತಿ ಕಾರಿನಲ್ಲಿ ಕೂರಿಸಿ, ತಮ್ಮ ಅಂಗಡಿಯ ಗಲ್ಲಾದ ಮೇಲೆ ಸ್ಥಾಪಿಸಿ, ಊದುಬತ್ತಿ ಹಚ್ಚಿದರು. ಗ್ರೀಸಿನ ವಾಸನೆಯೂ ಊದುಬತ್ತಿಯ ವಾಸನೆಯೂ ಸೇರಿ ಭಕ್ತರಿಗೆ ಒಂದು ಬಗೆಯ ಮಂಪರು ಬಂತು.

“ಬೀಗ್ರೇ, ಒಂದೇ ಮಾತು. ಅಲ್ಲಲ್ಲ, ಮಾತು ಬೇಡ. ಕೈಯಲ್ಲೇ ತೋರ್ಸಿ. ನಾನು ನಿಲ್ಲೋದಾ, ಬ್ಯಾಡ್ವಾ?”

ನಿಲ್ಲುವುದು ಇನ್ನೂ ಆಗಿಲ್ಲ, ಮುಂದೆ ಆಗಬೇಕಾದದ್ದು ಎಂದು ಲೆಕ್ಕ ಹಾಕುತ್ತಿದ್ದ ಚನ್ನವೀರಯ್ಯನವರ ಕೈ ತಾನಾಗಿ ಮುಂದಕ್ಕೆ ಚಾಚಿತು.

“ಮುಂದಕ್ಕೋಗು ಅಂದ್ರು!” ಎಂದು ಗಂಗಾಧರ್ ಬೀದಿಗೆ ಕೇಳುವಂತೆ ಕೂಗಿದರು. ಇದನ್ನು ಕೇಳಿ ಎದುರಾಳಿಗಳಿಬ್ಬರೂ ಸಂಜೆಗೆ ನಾಮಪತ್ರ ವಾಪಸು ತೆಗೆದುಕೊಂಡರು. ಅಷ್ಟರಲ್ಲಿ ಹುಲಿಯೂರುದುರ್ಗದಿಂದ ಸಾಮಾನಿಗೆಂದು ಬಂದಿದ್ದ ರಂಗಮ್ಮ ಸೆರಗು ಒಡ್ಡಿ ನಿಂತಿದ್ದಳು. “ಬುದ್ಧೀ, ನಮ್ಮಳಿಯ ಮುನಿಸ್ಕೊಂಡು ಹೊಂಟೋಗವ್ನೆ. ಬತ್ತಾನಾ?” ಎಂದಳು. ಹೋದದ್ದು ಆಗಿಹೋದದ್ದು. ಚನ್ನವೀರಯ್ಯನವರ ಕೈ ಹೆಗಲ ಹಿಂದಕ್ಕೆ ಹೋಯಿತು. “ಹಿಂದಕ್ಕೆ ಬತ್ತಾನಂತೆ!” ಎಂದು ರಂಗಮ್ಮ ಅಲ್ಲೇ ಅಡ್ಡಬಿದ್ದಳು. ಅಳಿಯ ಸಂಜೆಯ ಬಸ್ಸಿಗೆ ಬಂದೇಬಿಟ್ಟ. ಅವನು ಫೋನ್ ಚಾರ್ಜರ್ ಮರೆತು ಹೋಗಿದ್ದ. ಆದರೆ ಆ ವಿವರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಅವರು ತುಮಕೂರಿಗೆ ಮರಳುವಷ್ಟರಲ್ಲಿ ಕ್ಲಬ್ಬಿನವರೂ ತೀರ್ಮಾನ ಮಾಡಿದ್ದರು. ಇಂಥ ಸಾಧಕರಿಗೆ ಭಾಷಣದ ಕಾಟ ಕೊಡುವುದು ಪಾಪ, ಈ ಸಲದ ಅಧ್ಯಕ್ಷರು ಮೌನವಾಗಿಯೇ ಪದಗ್ರಹಣ ಮಾಡಲಿ ಎಂದು ಮನೆಗೆ ಬಂದು ಹಾರ ಹಾಕಿ ಹೋದರು. ಇಂಗ್ಲಿಷಿನ ಕಂಟಕ ತಾನಾಗಿ ಕಳೆಯಿತು. ಇನ್ನು ಕ್ಲಾಸಿಗೆ ಹೋಗುವ ಅಗತ್ಯವಿರಲಿಲ್ಲ. ಹೋಗುವುದು ಸಾಧ್ಯವೂ ಇರಲಿಲ್ಲ, ಹಿಂದೆ ಯಾವಾಗಲೂ ನಾಲ್ಕು ಜನ ಭಕ್ತರು ಬರುತ್ತಿದ್ದರು. ಹನ್ನೊಂದು ದಿನ ಕಳೆದು ಏನೋ ಒಂದು ದೊಡ್ಡ ಮಾತು ಆಡಿದರೆ ಎಲ್ಲ ಸುಸೂತ್ರ ಎಂದು ಚನ್ನವೀರಯ್ಯನವರು ಹಾರದೊಳಗೆ ನೆಮ್ಮದಿಯಾಗಿ ಉಸಿರುಬಿಟ್ಟರು.

ಮರುದಿನ ಮಧ್ಯಾಹ್ನ ಬಸವಲಿಂಗಮ್ಮ ಬಂದಳು.

ಎರಡು ವರ್ಷದ ಮೇಲೆ ಅಕ್ಕ ಹೊಸ್ತಿಲು ದಾಟಿ ಬಂದಾಗ ಸರ್ವಮಂಗಳಮ್ಮನ ಕೈಲಿದ್ದ ಲೋಟ ಬಿತ್ತು. ಬಸವಲಿಂಗಮ್ಮ ಯಾರನ್ನೂ ನೋಡದೆ ಸೀದಾ ಬಂದು ತಮ್ಮನ ಎದುರು ನೆಲದ ಮೇಲೆ ಕುಳಿತಳು. ಬಹಳ ಹೊತ್ತು ಸೆರಗಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಇದ್ದಳು.

“ಗುಬ್ಬೀಲೆಲ್ಲ ಆಡ್ಕೋತಾವ್ರೆ, ನಿನ್ ತಮ್ಮ ನಾಲ್ಗೆ ಕಟ್ಟಾಕ್ಕೊಂಡವ್ನೆ ಅಂತ. ಯಾಕೆ ಅಂತ ಯಾರ್ಗೂ ಗೊತ್ತಿಲ್ಲ. ನಂಗ್ ಗೊತ್ತು ಕಣೋ ವೀರಾ.” ಸೆರಗು ಬಿಟ್ಟು ತಮ್ಮನ ಮುಖ ನೋಡಿದಳು. “ಆವತ್ತು ನೀನಂದಿದ್ದಕ್ಕೆ ನಾನು ಯಾರ್ ಹತ್ರಾನೂ ಅಳ್ಲಿಲ್ಲ. ಆದ್ರೆ ಒಲೆ ಮುಂದೆ ನಿಂತ್ರೆ ಅದೇ ಮಾತು ಕೇಳಸ್ತದೆ. ನಿಮ್ ಭಾವ ಸಾಯೋ ದಿನಾನೂ ನನ್ ಕೈ ಅಡ್ಗೆ ಉಂಡೇ ಮಲಗಿದ್ರು. ನಾನೇ ಏನಾರಾ ಜಾಸ್ತಿ ಹಾಕ್ಬುಟ್ನಾ ಅಂತ ಎಷ್ಟ್ ದಿನ ಕೊರಗಿದೀನಿ ಗೊತ್ತಾ? ಆ ಮಾತು ನಿಂಗೆ ಗ್ಯಾಪ್ಕ ಐತೇನೋ?”

ತಾವು ನಗಿಸಲೆಂದು ಎಸೆದ ಮಾತನ್ನು ಅಕ್ಕ ನಿಜವೆಂದೇ ಹಿಡಿದುಕೊಂಡು ಎರಡು ವರ್ಷ ಬೇಯುತ್ತಿದ್ದಳು ಎಂದು ಚನ್ನವೀರಯ್ಯನವರಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಏನಾದರೂ ಹೇಳಬೇಕು. ಆದರೆ ಇಷ್ಟು ದಿನದ ಅಭ್ಯಾಸದಿಂದ ತಲೆ ಮೊದಲು ಇಂಗ್ಲಿಷಿಗೇ ಓಡಿತು. ಅಂದೆ ಎನ್ನಬೇಕೋ, ಅಂದಿದ್ದೇನೆ ಎನ್ನಬೇಕೋ? ಆಗಿಹೋದದ್ದು ಎಂದು ಕೈ ಹೆಗಲ ಹಿಂದಕ್ಕೆ ಹೋಯಿತು. ಎದುರಿಗೆ ಅಕ್ಕನ ಕಣ್ಣು ತುಂಬಿತ್ತು. ಆಗಿಹೋಗಿಲ್ಲ ಎಂದು ಕೈ ಮೆಲ್ಲಗೆ ತಿರುಗಿ ಬಂದು ಎದೆಯ ಮೇಲೆ ಕುಳಿತಿತು.

ಬಸವಲಿಂಗಮ್ಮ ಆ ಕೈಯನ್ನು ನೋಡಿದಳು. ನೋಡಿ ಜೋರಾಗಿ ಅತ್ತುಬಿಟ್ಟಳು.

“ಸಾಕು ಬುಡಪ್ಪಾ. ಆವತ್ತಿನ್ ಮಾತು ನಿನ್ನೆದೇಲೂ ಕೂತೈತೆ ಅಂತ ತೋರಿಸ್ದೆ. ನಂಗಷ್ಟೇ ಬೇಕಿದ್ದಿದ್ದು.” ಮೂಗು ಒರೆಸಿಕೊಂಡು ಎದ್ದಳು. “ವ್ರತ ಮುಗಿಯೋ ದಿನ ನಾನೇ ಪಾಯಸ ಮಾಡ್ಕೊಂಡ್ ಬತ್ತೀನಿ. ನನ್ ಕೈಯಿಂದ ತಿಂದು ಬಾಯ್ ಬುಡು.”

ಆಕೆ ಹೋದ ಮೇಲೆ ಚನ್ನವೀರಯ್ಯನವರು ಎದೆಯ ಮೇಲಿನ ಕೈ ತೆಗೆಯಲೇ ಇಲ್ಲ. ಅಕ್ಕ ಕ್ಷಮಿಸಿದಳು. ಕ್ಷಮಿಸಿದ್ದು ಯಾವುದಕ್ಕೆ? ಬೇಕರಿಯ ಮಹಡಿಯ ವ್ಯಾಕರಣಕ್ಕೆ. ಸುಮ್ಮನಿದ್ದರೆ ಅಕ್ಕನೂ ಉಳಿಯುತ್ತಾಳೆ, ಅಧ್ಯಕ್ಷಗಿರಿಯೂ ಉಳಿಯುತ್ತದೆ, ಊರಿನ ಕೈಮುಗಿತವೂ ಉಳಿಯುತ್ತದೆ. ಮಾಡಬೇಕಾದದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವರಿಗೆ ಆ ದಿನ ಊಟ ಸೇರಲಿಲ್ಲ. ಉಪವಾಸವೂ ಶುರುವಾಯಿತು ಎಂದು ಜಯರಾಮಯ್ಯನವರು ಗುಂಪಿಗೆ ಹಾಕಿದರು.

ಹನ್ನೊಂದನೆಯ ದಿನ ಬೆಳಿಗ್ಗೆ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಮೌನ ಮುರಿಯುವ ಗಳಿಗೆಯನ್ನು ಜಯರಾಮಯ್ಯನವರು ಗುಣಿಸಿ ಇಟ್ಟಿದ್ದರು. ಅವಿರೋಧವಾಗಿ ಆಯ್ಕೆಯಾದ ಗಂಗಾಧರ್ ಆಳೆತ್ತರದ ಹಾರ ತಂದಿದ್ದರು. ರಂಗಮ್ಮ ಅಳಿಯನನ್ನೇ ಹಿಡಿದು ತಂದಿದ್ದಳು. ಕ್ಲಬ್ಬಿನವರು ಗಂಟೆ ತಂದಿದ್ದರು. ವಿದ್ಯಾರ್ಥಿಗೆ ಏನಾಯಿತೋ ಎಂದು ವಿಚಾರಿಸಲು ಬಂದ ಶ್ರೀವಾಣಿಯ ಕೈಗೆ ಯಾರೋ ತೀರ್ಥ ಹಾಕಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಆಕೆಯ ಪಕ್ಕದ ಹೆಂಗಸು ಮಗುವಿಗೆ, “ಹಿಂಗೆ ಮಾಡು ಪುಟ್ಟಾ, ಒಳ್ಳೇದಾಗುತ್ತೆ” ಎಂದು ಕೈಯನ್ನು ಹೆಗಲ ಹಿಂದಕ್ಕೂ ಎದೆಗೂ ಮುಂದಕ್ಕೂ ಆಡಿಸಿ ಕಲಿಸುತ್ತಿದ್ದಳು. ತನ್ನ ಪಾಠ ಇಷ್ಟು ಬೇಗ ಇಷ್ಟು ಜನಕ್ಕೆ ಮುಟ್ಟಿದ್ದು ನೋಡಿ ಶ್ರೀವಾಣಿ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು.

ಬಸವಲಿಂಗಮ್ಮ ಪಾಯಸದ ಪಾತ್ರೆ ಹಿಡಿದು ಬಂದಳು. ಮುಚ್ಚಳ ಸರಿಸಿದಾಗ ಏಲಕ್ಕಿಯ ಘಮ ಶಾಮಿಯಾನದ ಕೊನೆಯವರೆಗೂ ಹೋಯಿತು.

“ಎಲ್ಲಾರೂ ಕೇಳ್ರಪ್ಪ” ಎಂದಳು. “ಇವ್ನು ಆಡಿದ್ ಒಂದು ಮಾತಿಗೆ ನಾನು ಒಲೆ ಬುಟ್ಟಿದ್ದೆ. ಆ ಒಂದು ಮಾತಿಗೋಸ್ಕರ ಇವ್ನು ಎಲ್ಲಾ ಮಾತೂ ಬುಟ್ಟ. ನನ್ನೊಡಹುಟ್ಟಿದೋನು ಅಂತ ಹೇಳ್ಕೊಳ್ಳಕೆ ನಂಗಿವತ್ತು ಹೆಮ್ಮೆ.” ಪಾತ್ರೆ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಬಗ್ಗಿ, ತಮ್ಮನ ಕಾಲಿಗೆ ಕೈ ಚಾಚಿದಳು.

ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅನ್ನ ತಿನ್ನಿಸಿದ ಅಕ್ಕ. ಚನ್ನವೀರಯ್ಯನವರು ಬೆಂಕಿ ತುಳಿದವರಂತೆ ಹಿಂದಕ್ಕೆ ಜಿಗಿದರು. ಕುರ್ಚಿ ಉರುಳಿತು.

“ಅಕ್ಕಾ ಬ್ಯಾಡ! ಮುಟ್ಬೇಡ್ವೇ! ನಾನು ವ್ರತಾನೂ ಮಾಡಿಲ್ಲ, ಮಣ್ಣೂ ಮಾಡಿಲ್ಲ! ಇಂಗ್ಲಿಷ್ ಕ್ಲಾಸಿಗೆ ಹೋಗ್ತಿದ್ದೆ ಕಣೇ!”

ಚನ್ನವೀರಯ್ಯನವರು ಒಂದೇ ಉಸಿರಿಗೆ ಕ್ಲಬ್ಬು, ಭಾಷಣ, ಹೆಲ್ಮೆಟ್ಟು, ಬೇಕರಿಯ ಮಹಡಿ, ಎಲ್ಲ ಕಕ್ಕಿದರು. “ಇವ್ರೇ ನಮ್ ಮೇಡಮ್ಮು” ಎಂದು ಶ್ರೀವಾಣಿಯ ಕಡೆ ಕೈ ತೋರಿಸಿದರು. ಆಕೆ ಎದ್ದು ನಿಂತು, ಏನು ಮಾಡಬೇಕೋ ತಿಳಿಯದೆ ಸಭೆಗೆ ನಮಸ್ಕಾರ ಮಾಡಿದಳು.

ಜಯರಾಮಯ್ಯನವರ ಪಂಚಾಂಗ ಕೈಯಿಂದ ಜಾರಿತು. “ಹಾಗಾದ್ರೆ ಆ ಮುದ್ರೆಗಳು?”

“ವ್ಯಾಕರಣ.”

“ನನ್ ಎಲೆಕ್ಷನ್ನು?” ಎಂದು ಗಂಗಾಧರ್ ಹಾರದ ಹಿಂದಿನಿಂದ ಕೇಳಿದರು.

“ಫ್ಯೂಚರ್ ಟೆನ್ಸು, ಬೀಗ್ರೇ.”

“ನಮ್ಮಳಿಯ?” ಎಂದಳು ರಂಗಮ್ಮ. ಅಳಿಯ ಇದೇ ಸಮಯವೆಂದು ಶಾಮಿಯಾನದ ಹಿಂದಿನಿಂದ ಜಾರಿಕೊಳ್ಳುತ್ತಿದ್ದ.

“ಪಾಸ್ಟ್ ಟೆನ್ಸಮ್ಮ.”

ಯಾರೋ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದರು. ಆಮೇಲೆ ಇಡೀ ಶಾಮಿಯಾನ ನಕ್ಕಿತು. ಕ್ಲಬ್ಬಿನವರು ನಕ್ಕರು, ಮಂಡಿಪೇಟೆಯವರು ನಕ್ಕರು, ಒಬ್ಬರಿಗೆ ನೆತ್ತಿ ಹತ್ತಿತು. ನಾಲ್ಕು ಜನರ ನಗುವಿಗಾಗಿ ಇಷ್ಟು ವರ್ಷ ಬದುಕಿದ ಚನ್ನವೀರಯ್ಯನವರಿಗೆ ಅದು ಎದುರಿನಿಂದ ಬಂದಾಗ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು. ತಲೆ ತಗ್ಗಿಸಿ ನಿಂತರು. ನಗದೆ ಇದ್ದವಳು ಒಬ್ಬಳೇ.

“ಆವತ್ತು ನನ್ ಮುಂದೆ ಎದೆ ಮುಟ್ಕೊಂಡೆಯಲ್ಲ,” ಎಂದಳು ಬಸವಲಿಂಗಮ್ಮ. ದನಿ ಚಿಕ್ಕದಾಗಿತ್ತು. “ಅದೂನೂವಾ?”

ಚನ್ನವೀರಯ್ಯನವರಿಗೆ ಸುಳ್ಳು ಹೇಳಲು ಬೇಕಾದಷ್ಟು ಜಾಗವಿತ್ತು. “ಅದೂ ವ್ಯಾಕರಣಾನೇ ಅಕ್ಕ,” ಎಂದರು. “ಹಿಂದೆ ಆಗಿದ್ದು, ಇನ್ನೂ ಮುಗಿದಿಲ್ಲ ಅಂತ ಅದರರ್ಥ. ಮೇಡಮ್ ಹೇಳ್ಕೊಟ್ಟಾಗ ನಂಗೆ ತಲೆಗೆ ಹೋಗಿರ್ಲಿಲ್ಲ. ನೀನು ಅತ್ತಾಗ ಹೋಯ್ತು.” ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದರು. “ಭಾವ ಸತ್ತಿದ್ದು ಹಾರ್ಟಿಂದ. ನಿನ್ನ ಪಾಯಸದಿಂದ ಅಲ್ಲ. ನಾಲ್ಕು ಜನ ನಗ್ಲಿ ಅಂತ ನಾನು ಅಂದ್ಬಿಟ್ಟೆ. ತಪ್ಪಾಯ್ತು. ಎರಡು ವರ್ಷದಿಂದ ಹೇಳಕ್ಕೆ ಬಾಯಿ ಬಂದಿರ್ಲಿಲ್ಲ. ನಾಚ್ಕೆ ಆಗುತ್ತೆ ಕಣೇ ನಂಗೆ.”

ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಆ ನಿಶ್ಶಬ್ದದಲ್ಲಿ ಶ್ರೀವಾಣಿ, ಗುರುವಿನ ಕರ್ತವ್ಯವೆಂಬಂತೆ, ಮೆಲ್ಲಗೆ ಹೇಳಿದಳು:

“ಸಾರ್... ಕನ್ನಡ ಮಾತಾಡ್ಬಿಟ್ರಿ. ಮತ್ತೆ ಮೊದಲನೇ ದಿನದಿಂದ.”

ಬಸವಲಿಂಗಮ್ಮ ಆಕೆಯನ್ನು ನೋಡಿದಳು, ತಮ್ಮನನ್ನು ನೋಡಿದಳು. ಬಗ್ಗಿ ಪಾಯಸದ ಪಾತ್ರೆಗೆ ಮುಚ್ಚಳ ಬಿಗಿದಳು. ಹೊರಟೇಹೋಗುತ್ತಾಳೆ ಎಂದು ಚನ್ನವೀರಯ್ಯನವರು ಕಣ್ಣು ಮುಚ್ಚಿದರು.

“ಮೊದಲನೇ ದಿನದಿಂದ ಅಂದ್ರೆ ಮತ್ತೆ ಹನ್ನೊಂದು ದಿನ ಬಾಯ್ ಮುಚ್ಕೊಂಡಿರ್ಬೇಕಾ ತಾಯಿ?”

“ಮುಚ್ಕೋಬೇಕು ಅಂತೇನಿಲ್ಲ ಅಮ್ಮಾ, ಇಂಗ್ಲಿಷಲ್ಲಿ...”

“ಅದು ಇವ್ನಿಗೆ ಬರಾಕಿಲ್ಲ, ಬುಡು.” ಪಾತ್ರೆಯನ್ನು ಎತ್ತಿ ತಮ್ಮನ ಕೈಗೆ ಕುಕ್ಕಿದಳು. “ನಡಿ ಗುಬ್ಬಿಗೆ. ಈ ಸಲದ ಹನ್ನೊಂದು ದಿನ ನಮ್ಮನೇಲಿ. ಮೂರೊತ್ತೂ ನಾನೇ ಬೇಯ್ಸಾಕ್ತೀನಿ. ಉಪ್ಪು ಜಾಸ್ತಿ ಅನ್ನಂಗಿಲ್ಲ, ಖಾರ ಕಮ್ಮಿ ಅನ್ನಂಗಿಲ್ಲ, ಸುಮ್ಕೆ ಉಣ್ಬೇಕು. ಉಂಡು ಕೈಲಾಸಕ್ಕೆ ಹೋಗ್ತೀಯೋ, ತುಮಕೂರಿಗೆ ವಾಪಸ್ ಬತ್ತೀಯೋ, ನೋಡೇಬುಡಾನ.”

ಚನ್ನವೀರಯ್ಯನವರು ಹೆಂಡತಿಯ ಮುಖ ನೋಡಿದರು. ಸರ್ವಮಂಗಳಮ್ಮ ಆಗಲೇ ಒಳಗೆ ಹೋಗಿ ಅವರ ಬಟ್ಟೆಯ ಚೀಲ ತುಂಬುತ್ತಿದ್ದರು. “ಇನ್ನೊಂದ್ ನಾಲ್ಕು ದಿನ ಜಾಸ್ತಿ ಆದ್ರೂ ಪರ್ವಾಗಿಲ್ಲ ಅತ್ಗೇಮ್ಮ” ಎಂಬ ಮಾತು ಒಳಗಿನಿಂದ ಬಂತು. ಪೂರ್ತಿ ವಾಕ್ಯ, ಯಾರೂ ಮಧ್ಯೆ ತುಂಡರಿಸಲಿಲ್ಲ.

ಗುಬ್ಬಿಯ ಬಸ್ಸು ಹೆಗ್ಗೆರೆ ಮುಟ್ಟುವುದರೊಳಗೆ ಸುದ್ದಿ ಫೋನುಗಳಿಗೆ ಮುಟ್ಟಿತ್ತು. ಮುಂದಿನ ಸೀಟಿನ ಇಬ್ಬರು ಹಿಂತಿರುಗಿ ನೋಡಿ, ಫೋನಿನಲ್ಲಿದ್ದ ಚಿತ್ರ ನೋಡಿ, ಮತ್ತೆ ಹಿಂತಿರುಗಿ ನೋಡಿದರು. ಕಂಡಕ್ಟರ್ ಬಂದು, “ಅಮ್ಮಾ, ನಿಮ್ದು ಆಧಾರ್ ತೋರ್ಸಿ. ಯಜಮಾನ್ರಿಗೆ ಎಲ್ಲೀಗೆ?” ಎಂದ. ಚನ್ನವೀರಯ್ಯನವರ ತುಟಿ ಅಲುಗಿತು.

“ಇಂಗ್ಲಿಷಲ್ಲಿ ಕೇಳಪ್ಪಾ ಕಂಡಕ್ಟ್ರೇ, ಹೇಳ್ತಾರೆ!” ಎಂದ ಮುಂದಿನ ಸೀಟಿನವನು. ಬಸ್ಸು ನಗಲು ಬಾಯಿ ತೆರೆಯಿತು.

“ಯಾವನ್ಲಾ ಅವ್ನು?” ಬಸವಲಿಂಗಮ್ಮ ಸೀಟಿನಿಂದ ಅರ್ಧ ಎದ್ದಳು. ತೆರೆದ ಬಾಯಿಗಳೆಲ್ಲ ಮುಚ್ಚಿದವು. “ನನ್ ತಮ್ಮ ವ್ರತದಲ್ಲವ್ನೆ. ಯಾರೂ ಮಾತಾಡಿಸ್ಕೂಡ್ದು. ಗುಬ್ಬಿಗೆ ಒಂದು ಕೊಡಪ್ಪ.”

ಚನ್ನವೀರಯ್ಯನವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಬೆರಳು ಲೆಕ್ಕ ಹಾಕಲಿಲ್ಲ. ಮಡಿಲಲ್ಲಿ ಪಾಯಸದ ಪಾತ್ರೆ ಇನ್ನೂ ಬೆಚ್ಚಗಿತ್ತು. ಅದು ತುಳುಕದಂತೆ ಎರಡೂ ಕೈಯಲ್ಲಿ ಅವುಚಿಕೊಂಡು, ಬಾಯಿ ಮುಚ್ಚಿಕೊಂಡು ಕುಳಿತರು.